ಕಿತ್ತಳೆ ಬಣ್ಣದ ಹೆದರಿಕೆ

ಒದ್ದೆ ಸ್ಪಂಜಿಗೆ ಒಂದು ವಾಸನೆ ಇದೆ. ಬಿಸಿಲು ಕಾಣದ ಹಾಸಿಗೆಯ ವಾಸನೆ ಅರ್ಧ, ನದಿಯ ಕೆಸರಿನ ವಾಸನೆ ಅರ್ಧ. ಈ ಸಲದ ಭಾದ್ರಪದದಲ್ಲಿ ಕಾಶಿಯ ಹನುಮಾನ್ ಘಾಟಿನ ಮೆಟ್ಟಿಲುಗಳು ಮುಳುಗಿದ ಮೇಲೆ ದೋಣಿಯವರು ತಮ್ಮ ಲೈಫ್ ಜಾಕೆಟ್‌ಗಳನ್ನೆಲ್ಲ ತಂದು ನಮ್ಮ ಮನೆ ಎದುರಿನ ಕಂಬಿಯ ಮೇಲೆ ಸಾಲಾಗಿ ಒಣಹಾಕಿದ್ದಾರೆ. ಒಣಗುವುದೆಲ್ಲಿಂದ ಬಂತು, ದಿನಕ್ಕೆರಡು ಸಲ ಮಳೆ. ಅಡುಗೆಮನೆಯ ಕಿಟಕಿಯಿಂದ ಆ ವಾಸನೆ ಒಳಗೆ ಬಂದರೆ ಒಗ್ಗರಣೆಯ ಘಾಟಿಗೂ ಅದನ್ನು ಅಡಗಿಸಲು ಆಗುವುದಿಲ್ಲ. ಈಗ ದೋಣಿ ಹತ್ತುವವರೆಲ್ಲ ಆ ಜಾಕೆಟ್ ತೊಡಲೇಬೇಕು, ಇಲ್ಲದಿದ್ದರೆ ದಂಡ. ಚಳಿಗಾಲದಲ್ಲಿ ನದಿಯ ತುಂಬ ಕಿತ್ತಳೆ ಬಣ್ಣ ತೇಲುತ್ತಿರುತ್ತದೆ.

ನಾನು ಕಂಡ ಮೊದಲ ಲೈಫ್ ಜಾಕೆಟ್ ಮಾತ್ರ ದೋಣಿಯಲ್ಲಿರಲಿಲ್ಲ. ನಮ್ಮ ಮನೆಯ ಮಹಡಿಯ ಕೋಣೆಯಲ್ಲಿತ್ತು. ಅದನ್ನು ತೊಟ್ಟುಕೊಂಡು, ಬೆಲ್ಟು ಬಿಗಿದುಕೊಂಡು, ಒಬ್ಬರು ಕರಿಹಲಗೆಯ ಮುಂದೆ ನಿಂತು ಬೀಜಗಣಿತ ಹೇಳಿಕೊಡುತ್ತಿದ್ದರು...

ನಮ್ಮದು ಮುತ್ತಜ್ಜನ ಕಾಲದಿಂದ ಕಾಶಿಯಲ್ಲಿ ನೆಲೆಸಿದ ಪೌರೋಹಿತ್ಯದ ಮನೆ. ಕೆಳಗಿನ ಪಡಸಾಲೆಯಲ್ಲಿ ಅಪ್ಪ ಊರಿನಿಂದ ಬಂದ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುತ್ತಿದ್ದರು. ನಡುವಿನ ಅಂತಸ್ತಿನಲ್ಲಿ ಯಾತ್ರಿಕರು ಉಳಿದುಕೊಳ್ಳುವ ಕೋಣೆಗಳು. ಅಡುಗೆ ಅಜ್ಜಿಯದು, ಅವಳ ಕೈಕೆಳಗೆ ನಾನು. ನನ್ನ ಕನ್ನಡವೆಲ್ಲ ಅಜ್ಜಿಯ ಒಲೆಯ ಮುಂದೆ ಕುಳಿತು ಕಲಿತದ್ದು. ಹೊಸ್ತಿಲು ದಾಟಿದರೆ ಹಿಂದಿ. ನಮ್ಮ ಅಣ್ಣನ ಮಕ್ಕಳಿಗೆ ಈಗ ಹೊಸ್ತಿಲ ಒಳಗೂ ಹಿಂದಿಯೇ, ಇರಲಿ.

ಮಹಡಿಯ ಮೇಲಿನ ಕೋಣೆಯನ್ನು ಆಗ ಒಂದು ಸಂಸ್ಥೆಯವರು ಬಾಡಿಗೆಗೆ ತೆಗೆದುಕೊಂಡಿದ್ದರು. ಎಂಟನೆಯ ತರಗತಿಯ ತನಕ ಸರ್ಕಾರಿ ಶಾಲೆ, ಬಿಟ್ಟಿ ಊಟ, ಎಲ್ಲ ಸರಿ. ಅದರ ಮೇಲೆ ಶುಲ್ಕ, ಸಮವಸ್ತ್ರ, ಪುಸ್ತಕ, ಟ್ಯೂಷನ್ನು ಎಂದು ಶುರುವಾದಾಗ ಘಾಟಿನ ಮಕ್ಕಳು ಒಬ್ಬೊಬ್ಬರಾಗಿ ಉದುರಿಹೋಗುತ್ತಿದ್ದರು. ದೋಣಿಯವರ ಮಕ್ಕಳು, ಹೂವಿನ ದೊನ್ನೆ ಮಾರುವವರ ಮಕ್ಕಳು, ಇಸ್ತ್ರಿಯವನ ಮಗಳು. ಹಾಗೆ ಓದು ನಿಂತ ಹದಿನಾಲ್ಕು, ಹದಿನಾರರ ಹುಡುಗ ಹುಡುಗಿಯರನ್ನು ಮಧ್ಯಾಹ್ನ ಕೂರಿಸಿ, ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ತಯಾರು ಮಾಡುವುದು ಆ ಸಂಸ್ಥೆಯ ಕೆಲಸ. ಪಾಠಕ್ಕೆ ಹೊರದೇಶದಿಂದ ಸ್ವಯಂಸೇವಕರು ಬರುತ್ತಿದ್ದರು. ಹೆಚ್ಚಿನವರು ಎಳೆಯ ವಯಸ್ಸಿನವರು. ಎರಡು ವಾರ ಇದ್ದು, ಮೆಹಂದಿ ಹಾಕಿಸಿಕೊಂಡು, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು, ಹೋಗುವ ದಿನ ಗೊಳೋ ಎಂದು ಅತ್ತು ಹೋಗುವರು. ಮಕ್ಕಳೂ ಚುರುಕು. ಬೀಳ್ಕೊಡುಗೆಗೆ ಒಂದೇ ಹಾಡು ಕಲಿತಿಟ್ಟುಕೊಂಡಿದ್ದರು, ಎಲ್ಲರಿಗೂ ಅದನ್ನೇ ಹಾಡಿ ಕಳಿಸುತ್ತಿದ್ದರು.

ಇವರು ಹಾಗಲ್ಲ. ಹೋಳಿ ಮುಗಿದ ಮೇಲೆ ಬಂದವರು ಒಂದು ವರ್ಷ ಇರುತ್ತೇನೆಂದರು. ಅರವತ್ತು ದಾಟಿತ್ತು. ಡೆನ್ಮಾರ್ಕಿನವರು, ಅಲ್ಲಿ ಬದುಕಿಡೀ ಗಣಿತ ಕಲಿಸಿ ನಿವೃತ್ತರಾಗಿದ್ದರು. ಬಹಳ ಎತ್ತರ. ನಮ್ಮ ಮನೆಯ ಬಾಗಿಲುಗಳೆಲ್ಲ ಗಿಡ್ಡ, ಪ್ರತಿ ಬಾಗಿಲಿಗೂ ತಗ್ಗಬೇಕೆಂಬುದು ಅವರಿಗೆ ಕೊನೆಯವರೆಗೂ ಅಭ್ಯಾಸವಾಗಲಿಲ್ಲ. ಹಣೆಯ ಮೇಲೆ ಸದಾ ಒಂದು ಬೋರೆ. ಅಜ್ಜಿ ಅರಿಸಿನ ತೇಯ್ದು ಹಚ್ಚಿ ಹಚ್ಚಿ, "ಇವಳಿಗೆ ಬೇರೆ ಕುಂಕುಮವೇ ಬೇಡ" ಅನ್ನುತ್ತಿದ್ದಳು. ಮನೆಯಲ್ಲಿ ನಾವು ಅವರನ್ನು ಟೀಚರಮ್ಮ ಎಂದೆವು. ಮಕ್ಕಳಿಗೆ ಮ್ಯಾಡಮ್ ಜೀ.

ಅವರ ಹಿಂದಿ ಹರಕು ಮುರುಕು. ಕನ್ನಡದಲ್ಲಿ ಒಂದೇ ಮಾತು ಬರುತ್ತಿತ್ತು, ಅದೂ ನಮ್ಮ ಅಡುಗೆಮನೆಯಲ್ಲಿ ಕಲಿತದ್ದು. ಅಜ್ಜಿ ಎಲೆಗೆ ಬಡಿಸುತ್ತ ನಿಲ್ಲುವವಳಲ್ಲ. ಎರಡು ಕೈ ಅಡ್ಡ ಹಿಡಿದು "ಬೇಡ, ಬೇಡ" ಎನ್ನದೆ ಅವಳ ಪಂಕ್ತಿಯಿಂದ ಯಾರೂ ಜೀವಂತ ಏಳುವಂತಿರಲಿಲ್ಲ. ಟೀಚರಮ್ಮ ಆ ಮಾತನ್ನು ಮೊದಲ ವಾರದಲ್ಲೇ ಕಲಿತರು.

ಹೆದರಿಕೆ ಬಹಳ ಅವರಿಗೆ. ಮಂಗಗಳೆಂದರೆ ಹೆದರಿಕೆ, ಗಲ್ಲಿಯ ಗೂಳಿಯೆಂದರೆ ಹೆದರಿಕೆ, ಹಲ್ಲಿ ಲೊಚಗುಟ್ಟಿದರೆ ಪುಸ್ತಕ ಎದೆಗವಚಿಕೊಳ್ಳುವರು. ಅದಕ್ಕೆಲ್ಲ ನಾವೂ ನಗುತ್ತಿದ್ದೆವು, ಅವರೂ ನಗುತ್ತಿದ್ದರು. ನದಿಯದು ಮಾತ್ರ ನಗುವ ವಿಷಯವಾಗಿರಲಿಲ್ಲ. ಬಂದ ದಿನ ಅಪ್ಪ ಘಾಟು ತೋರಿಸಲು ಕರೆದುಕೊಂಡು ಹೋದರೆ ಮೇಲಿನ ಮೆಟ್ಟಿಲಲ್ಲೇ ನಿಂತು ಗೋಡೆ ಹಿಡಿದುಕೊಂಡರು. ಮುಖ ಬಿಳಿಚಿ ಸುಣ್ಣ. ಚೈತ್ರದ ಗಂಗೆ, ಮೊಣಕಾಲುದ್ದ ನೀರಿನಲ್ಲಿ ಹುಡುಗರು ಕ್ರಿಕೆಟ್ ಚೆಂಡು ಹುಡುಕುತ್ತಿದ್ದರು. ಆದರೂ ಅವರ ಕಾಲು ಮುಂದೆ ಬರಲಿಲ್ಲ. ಯಾಕೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಕೇಳಬಾರದ್ದು ಏನೋ ಇದೆ ಎಂದು ಗೋಡೆ ಹಿಡಿದ ಅವರ ಕೈ ನೋಡಿದರೆ ತಿಳಿಯುತ್ತಿತ್ತು... ನೀರಿಗೆ ಇಷ್ಟು ಹೆದರುವವರು ಇಷ್ಟು ದೂರದಿಂದ ಈ ಊರಿಗೇ ಏಕೆ ಬಂದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆ ತರಗತಿಯಲ್ಲಿ ಚಂದಾ ಎಂಬ ಹುಡುಗಿಯಿದ್ದಳು. ಹದಿನಾರು ವರ್ಷ. ನಮ್ಮ ಮನೆಯ ಗೋಡೆಯ ಕಬ್ಬಿಣದ ಬಳೆಗೆ ದೋಣಿ ಕಟ್ಟುತ್ತಿದ್ದ ಮಲ್ಲಾಹನ ಮಗಳು, ದೋಣಿ ನಡೆಸುವುದು ಅವರ ಕುಲದ ಕಸುಬು. ಅವಳ ಅಪ್ಪನಿಗೆ ಕೆಮ್ಮು ಹಿಡಿದಂದಿನಿಂದ ಹುಟ್ಟು ಇವಳ ಕೈಗೆ ಬಂದಿತ್ತು. ಅಂಗೈ ದಡ್ಡುಗಟ್ಟಿ, ಪೆನ್ಸಿಲನ್ನೂ ಹುಟ್ಟು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುವಳು, ಮೊನೆ ಪಟಪಟ ಮುರಿಯುತ್ತಿತ್ತು. ಟೀಚರಮ್ಮ ಒಂದು ಮಾತೂ ಆಡದೆ ಪಕ್ಕದಲ್ಲಿ ಕುಳಿತು ಪೆನ್ಸಿಲು ಕೆತ್ತಿ ಕೆತ್ತಿ ಕೊಡುವರು. ಲೆಕ್ಕ ಅವಳಿಗೆ ಒಲಿದಿತ್ತು. ಸರಿಯುತ್ತರ ಬಂದಾಗ ಅವಳಿಗಿಂತ ಅವರ ಮುಖವೇ ಅರಳುತ್ತಿತ್ತು. ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ ಆ ಉದ್ದನೆಯ ಹೆಂಗಸು, ಪಕ್ಕದಲ್ಲಿ ಎಣ್ಣೆ ಕಾಣದ ಜಡೆಯ ಹುಡುಗಿ... ಚಹಾ ಕೊಡಲು ಹೋದವಳು ನಾನು ಸುಮ್ಮನೆ ನೋಡುತ್ತ ನಿಂತುಬಿಡುತ್ತಿದ್ದೆ.

ಚಂದಾಗೆ ಹತ್ತನೆಯ ತರಗತಿ ಆಗಬೇಕಿತ್ತು. ಅದಕ್ಕೆ ಪರೀಕ್ಷೆಗೆ ಹೆಸರು ನೋಂದಾಯಿಸಬೇಕು, ನೋಂದಣಿಗೆ ಶುಲ್ಕ ಕಟ್ಟಬೇಕು. ಅನಂತ ಚತುರ್ದಶಿ ಕಳೆದ ಮರುವಾರವೇ ಕೊನೆಯ ದಿನ. ಆ ಹಣ ಅವಳ ಮನೆಯಲ್ಲಿರಲಿಲ್ಲ. ಸ್ವಯಂಸೇವಕರು ಯಾರ ಕೈಗೂ ದುಡ್ಡು ಕೊಡುವ ಹಾಗಿಲ್ಲವೆಂದು ಸಂಸ್ಥೆಯ ನಿಯಮ. ನಾವು ಕೊಡುತ್ತೇವೆಂದು ಅಪ್ಪ ಹೋಗಿ ಹೇಳಿದರೆ ಅವಳ ಅಪ್ಪ ಒಪ್ಪಲಿಲ್ಲ. ಮಂಚದಿಂದ ಅರ್ಧ ಎದ್ದು, ಕೆಮ್ಮುತ್ತ, "ಪಂಡಿತ್ ಜೀ, ನಾವು ದೋಣಿ ಭಾಡಾ ತೊಗೋತೀವಿ, ಭಿಕ್ಷೆ ತೊಗೊಳ್ಳಲ್ಲ" ಎಂದನಂತೆ. ಆಗಲೇ ಗಲ್ಲಿಯಲ್ಲಿ ಮಾತು ಎದ್ದಿತ್ತು. ಆ ಫಾರಿನ್ ಹೆಂಗಸು ಹುಡುಗಿಯನ್ನು ಕೊಂಡುಕೊಳ್ಳಲು ಬಂದಿದ್ದಾಳೆ, ಹತ್ತನೆಯ ತರಗತಿ ನೆಪ, ವಿಮಾನ ಹತ್ತಿಸಿಕೊಂಡು ಹೋಗುತ್ತಾಳೆ ಎಂದು. ಪಾನ್ ಅಂಗಡಿಯ ಮುಂದೆ ಟೀಚರಮ್ಮ ಹಾದು ಹೋದರೆ ಮಾತು ಗಪ್ಪೆಂದು ನಿಲ್ಲುತ್ತಿತ್ತು. ಆ ಮೌನಕ್ಕೆ ನನಗೆ ಹೆದರಿಕೆಯಾಗುತ್ತಿತ್ತು. ಅವರಿಗೆ ಅದು ತಿಳಿಯುತ್ತಲೇ ಇರಲಿಲ್ಲ, ಗೂಳಿ ಎಲ್ಲಿದೆ ಎಂದು ನೋಡುತ್ತ ಹೋಗುತ್ತಿದ್ದರು.

ಶ್ರಾವಣದ ಕೊನೆಗೆ ನೀರು ಏರತೊಡಗಿತು.

ಏರುವ ನದಿಯ ಜೊತೆ ಬದುಕಿದವರಿಗೆ ಗೊತ್ತು, ಅದು ಸದ್ದು ಮಾಡುವುದಿಲ್ಲ. ಬೆಳಿಗ್ಗೆ ಎದ್ದರೆ ಒಂದು ಮೆಟ್ಟಿಲು ಇಲ್ಲ, ಅಷ್ಟೆ. ಅಜ್ಜಿ ಪ್ರತಿದಿನ ಸ್ನಾನ ಮಾಡಿ ಇಳಿದು ಹೋಗಿ, ನೀರು ಮುಟ್ಟಿದ ಮೆಟ್ಟಿಲಿಗೆ ಅರಿಸಿನ ಕುಂಕುಮ ಇಟ್ಟು, "ಇಲ್ಲಿಗೇ ನಿಲ್ಲಮ್ಮ ತಾಯಿ" ಎಂದು ಕೈಮುಗಿದು ಬರುವಳು. ಮರುದಿನ ಆ ಬೊಟ್ಟು ನೀರಿನಡಿ. ಮತ್ತೊಂದು ಮೆಟ್ಟಿಲಿಗೆ ಮತ್ತೊಂದು ಬೊಟ್ಟು. ಹೀಗೆ ತಾಯಿ ಅಜ್ಜಿಯ ಹಿಂದೆಯೇ ಮನೆಯ ಕಡೆ ನಡೆದು ಬರುತ್ತಿದ್ದಳು. ಪಕ್ಕದ ಹರಿಶ್ಚಂದ್ರ ಘಾಟಿನಲ್ಲಿ ಜಾಗವಿಲ್ಲದೆ ಚಿತೆಗಳು ಗಲ್ಲಿಯ ಬಾಯಿಗೆ ಬಂದವು, ಹೊಗೆ ನಮ್ಮ ಅನ್ನದ ತಪ್ಪಲೆಯ ತನಕ ಬಂತು. ಕಂದು ನೀರಿನಲ್ಲಿ ಬಾಗಿಲುಗಳು, ಬಣವೆಗಳು, ಕಾಲು ಮೇಲಾದ ದನಗಳು ತೇಲಿ ಹೋಗುತ್ತಿದ್ದವು. ಕೆಳಗಿನ ಪಡಸಾಲೆಯ ಮೂಲೆಯಲ್ಲಿ ಒಂದು ಹಾವು ಬಂದು ಸುರುಳಿ ಸುತ್ತಿಕೊಂಡು, ತಾನೂ ಹೆದರಿ ಕೂತಿತ್ತು.

ಆಗಲೇ ಟೀಚರಮ್ಮನ ಪೆಟ್ಟಿಗೆಯಿಂದ ಆ ಕಿತ್ತಳೆ ಜಾಕೆಟ್ ಹೊರಗೆ ಬಂದದ್ದು. ಅಷ್ಟು ದೂರದಿಂದ ಹೊತ್ತುಕೊಂಡು ಬಂದಿದ್ದರು. ಮಹಡಿಯಲ್ಲಿ, ಮೂರನೆಯ ಅಂತಸ್ತಿನಲ್ಲಿ, ಅದನ್ನು ತೊಟ್ಟು ಪಾಠ ಮಾಡತೊಡಗಿದರು. ಮಕ್ಕಳಿಗೆ ಹಬ್ಬ. "ಮ್ಯಾಡಮ್ ಜೀ, ಕರಿಹಲಗೆ ಮುಳುಗುತ್ತೆ, ಅದಕ್ಕೂ ಒಂದು ತೊಡಿಸಿ" ಅಂದ ಒಬ್ಬ. ಚಂದಾ, "ನಿಮ್ಮೂರಲ್ಲಿ ಮದುವೆ ಹೆಣ್ಣಿಗೂ ಇದನ್ನೇ ಹಾಕ್ತಾರಾ?" ಅಂದಳು. ಟೀಚರಮ್ಮ ನಕ್ಕರು. ಆದರೆ ಬೆಲ್ಟು ಸಡಿಲಿಸಲಿಲ್ಲ. ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು, ಆದರೂ ಹೊರಗೆ ಏನಾದರೂ ಬಡಿದ ಸದ್ದಾದರೆ ಸೀಮೆಸುಣ್ಣ ನಿಂತುಬಿಡುತ್ತಿತ್ತು.

ದೋಣಿಗಳನ್ನು ನಿಲ್ಲಿಸಿ ಜಲ ಪೊಲೀಸರು ಧ್ವನಿವರ್ಧಕದಲ್ಲಿ ಕೂಗಿಕೊಂಡು ಹೋಗಿದ್ದರು. ಅದೇ ವಾರ ಹಾವೇರಿ ಕಡೆಯ ಯಾತ್ರಿಕರ ಒಂದು ಗುಂಪು ನಮ್ಮಲ್ಲಿ ಇಳಿಯಿತು. ಹೆಚ್ಚಿನವರು ವಯಸ್ಸಾದವರು. ಅವರ ಯಜಮಾನರು ದೊಡ್ಡ ದನಿಯ, ದೊಡ್ಡ ಹೊಟ್ಟೆಯ, ಮನಸ್ಸಿನಲ್ಲಿ ಕೆಟ್ಟದ್ದಿಲ್ಲದ ಮನುಷ್ಯ. ಅವರಿಗೆ ಪಂಚತೀರ್ಥ ಆಗಲೇಬೇಕು. ಅಸ್ಸಿಯಿಂದ ಶುರುಮಾಡಿ ದೋಣಿಯಲ್ಲಿ ಹೋಗುತ್ತ, ಐದು ಘಾಟಿನಲ್ಲಿ ಒಂದೇ ದಿನ ಮಿಂದು ಮುಗಿಸುವ ಯಾತ್ರೆ. ಈ ನೀರಿನಲ್ಲಿ ಆಗದು ಎಂದು ಅಪ್ಪ ಹೇಳಿದರು. ಅವರು ಅಪ್ಪನಿಗೆ ಹೇಳದೆಯೇ ಬೆಳಗಿನ ಜಾವ ಆಟೊ ಹಿಡಿದು ಅಸ್ಸಿಗೆ ಹೋಗಿ, ಯಾರದೋ ಕೈಯಲ್ಲಿ ಸಂಕಲ್ಪ ಮಾಡಿಸಿಕೊಂಡು, ಮಿಂದು ಬಂದುಬಿಟ್ಟರು. ಸಂಕಲ್ಪ ಆದಮೇಲೆ ಐದೂ ಮುಗಿಯದೆ ಹನಿ ನೀರು ಬಾಯಿಗೆ ಹಾಕುವ ಹಾಗಿಲ್ಲ. ಮರುದಿನ ಬೆಳಿಗ್ಗೆಗೆ ಅವರ ರೈಲು.

"ನಮ್ಮಪ್ಪ ದೋಣ್ಯಾಗ ಮುಗಿಸಿದ್ದ, ನಾನೂ ದೋಣ್ಯಾಗ ಮುಗಸಾಂವ. ಅರ್ಧಾ ಮಾಡಿ ಊರಿಗಿ ಹ್ಯಾಂಗ ಹೋಗೂದ್ರೀ ಸ್ವಾಮೇರ?" ಎಂದರು ಯಜಮಾನರು, ಒದ್ದೆ ಪಂಚೆಯಲ್ಲಿ ನಮ್ಮ ಬಾಗಿಲಲ್ಲಿ ನಿಂತು.

ನಮ್ಮ ಘಾಟಿನ ಗಂಡಸು ದೋಣಿಗಾರರು ಯಾರೂ ಒಪ್ಪಲಿಲ್ಲ. ಚಂದಾ ಒಪ್ಪಿದಳು. ಆ ಒಂದು ದಿನದ ಭಾಡಾ ಅವಳ ನೋಂದಣಿಗೆ ಸಾಕಾಗುತ್ತಿತ್ತು. ದಡಕ್ಕೆ ಅಂಟಿಕೊಂಡೇ ಹೋಗುತ್ತೇನೆ, ಪೊಲೀಸರು ಚಹಾ ಕುಡಿಯುವ ಹೊತ್ತಿಗೆ ದಶಾಶ್ವಮೇಧ ಘಾಟು ದಾಟಿರುತ್ತೇನೆ ಎಂದು ನನಗೆ ಹೇಳಿದಳು. ಹೇಳುವಾಗ ಕಣ್ಣು ನನ್ನ ಮೇಲಿರಲಿಲ್ಲ, ನೀರಿನ ಮೇಲಿತ್ತು. ನಾನು ಬೇಡವೆಂದೆ, ಅಜ್ಜಿ ಬೈದಳು. ಅವಳು ಹುಟ್ಟುಗಳನ್ನು ಹೆಗಲ ಮೇಲಿಟ್ಟುಕೊಂಡು ಇಳಿದೇಬಿಟ್ಟಳು. ನೀರು ಆಗ ನಮ್ಮ ಹೊಸ್ತಿಲಿಗೆ ನಾಲ್ಕೋ ಐದೋ ಮೆಟ್ಟಿಲು ಕೆಳಗಿತ್ತು. ದೋಣಿ ಗೋಡೆಯ ಬಳೆಗೆ ಕಟ್ಟಿದ್ದು, ಹಗ್ಗ ಬಿಗಿದು ಕರಕರ ಅನ್ನುತ್ತಿತ್ತು.

ಮಹಡಿಯ ಕಿಟಕಿಯಿಂದ ಟೀಚರಮ್ಮ ಅದನ್ನು ಕಂಡಿದ್ದಾರೆ. ಅವರು ಇಳಿದು ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಿತ್ತಳೆ ಜಾಕೆಟ್, ಬರಿಗಾಲು. ಕೆಳಗಿನ ಬಾಗಿಲಿಗೆ ಹಣೆ ಬಡಿಯಿತು, ನಿಲ್ಲಲಿಲ್ಲ. ಗೋಡೆ ಸವರುತ್ತ ಒಂದೊಂದೇ ಮೆಟ್ಟಿಲು ಇಳಿದರು. ಅವರು ಎಂದೂ ಇಳಿಯದ ಮೆಟ್ಟಿಲುಗಳು ಅವು. ಕೊನೆಯದರಲ್ಲಿ ನೀರು ಪಾದ ಮುಟ್ಟಿದಾಗ ಬಾಯಿಂದ ಒಂದು ಸಣ್ಣ ಸದ್ದು ಬಂತು, ನಾಯಿಮರಿಯ ಹಾಗೆ. ಆಮೇಲೆ ದೋಣಿಗೆ ಕಾಲಿಟ್ಟರು. ದೋಣಿ ವಾಲಿತು. ನಡುವಿನ ಹಲಗೆಯ ಮೇಲೆ ಕುಸಿದು ಕುಳಿತು, ಅದನ್ನು ಎರಡೂ ಕೈಯಲ್ಲಿ ಅವಚಿ ಹಿಡಿದುಕೊಂಡು, ಕಣ್ಣು ಮುಚ್ಚಿದರು.

"ಇವ್ರು ಯಾರ್ರೀ? ನಮ್ಮ ಜೋಡಿ ಬರ್ತಾರೇನ್ರೀ?" ಯಜಮಾನರು ಕೇಳಿದರು.

"ಕೂಡ್ಲಿ ಬಿಡ್ರಿ, ಜಾಗಾ ಐತಿ. ಆಕಿಗೂ ಒಂದೀಟು ಪುಣ್ಯಾ ಬರ್ಲಿ" ಅಂದರು ಅವರ ಹೆಂಡತಿ.

ಚಂದಾ ಮಾತ್ರ ಅರ್ಥ ಮಾಡಿಕೊಂಡಳು. ಅವಳ ಮುಖ ಕೆಂಪಾಯಿತು. "ಮ್ಯಾಡಮ್ ಜೀ, ಇಳೀರಿ" ಎಂದಳು ಹಿಂದಿಯಲ್ಲಿ.

"ನೀನು ಹೋದರೆ ನಾನೂ ಹೋಗುತ್ತೇನೆ." ಕಣ್ಣು ಮುಚ್ಚಿಯೇ ಹೇಳಿದರು.

"ಫಾರಿನ್‌ನವರನ್ನ ಕೂರಿಸ್ಕೊಂಡು ಹೋದ್ರೆ ಪೊಲೀಸರು ನಮ್ಮ ದೋಣೀನೇ ಕಿತ್ಕೊಂಡು ಹೋಗ್ತಾರೆ. ಗೊತ್ತಾ ನಿಮಗೆ?"

"ಗೊತ್ತು" ಎಂದರು ಟೀಚರಮ್ಮ.

ಆಮೇಲೆ ಯಾರು ಏನು ಹೇಳಿದರೂ ಅವರು ಏಳಲಿಲ್ಲ. ಯಜಮಾನರು ಮೊದಲು ಕೈಮುಗಿದರು, ಆಮೇಲೆ ದನಿಯೇರಿಸಿದರು, ತಮಗೆ ಬಂದಷ್ಟು ಹಿಂದಿಯಲ್ಲಿ "ಏ ಅಮ್ಮಾ, ನೀಚೇ ಉತರೋ" ಎಂದರು.

"ಬೇಡ" ಎಂದರು ಟೀಚರಮ್ಮ.

ಯಜಮಾನರು ಬೆಪ್ಪಾದರು. "ಈಕಿಗೆ ಕನ್ನಡಾ ಬರ್ತೈತೇನ್ರೀ?"

"ಅದೊಂದೇ ಬರೋದು. ನಾನೇ ಕಲಿಸಿದ್ದು" ಎಂದಳು ಅಜ್ಜಿ ಮೇಲಿನ ಕಿಟಕಿಯಿಂದ.

ನಗು ಬರಬೇಕಿತ್ತು, ಯಾರಿಗೂ ಬರಲಿಲ್ಲ. ಬಿಸಿಲು ಏರಿತು. ಯಾತ್ರಿಕರು ಹಸಿದ ಹೊಟ್ಟೆಯಲ್ಲಿ ಒದ್ದೆ ಬಟ್ಟೆಯಲ್ಲಿ ಮೆಟ್ಟಿಲ ಮೇಲೆ ಕುಳಿತರು. ನೀರಿನಲ್ಲಿ ಬಂದ ಒಂದು ಎಮ್ಮೆಕರುವಿನ ಹೆಣ ದೋಣಿಯ ಮಗ್ಗುಲಿಗೆ ಬಡಿದು, ಸ್ವಲ್ಪ ಹೊತ್ತು ಅಲ್ಲೇ ತೂಗಾಡಿ, ತಿರುಗಿ ಹೋಯಿತು. ಟೀಚರಮ್ಮ ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡರು. ಮತ್ತೆ ಹಲಗೆ ಹಿಡಿದುಕೊಂಡರು. ಅಷ್ಟು ಹೆದರಿಕೆಯನ್ನು ಒಂದು ದೇಹ ಹೇಗೆ ತಡೆದುಕೊಂಡು ಕೂತಿತ್ತೋ... ಜಾಕೆಟ್ಟು ಅವರ ಉಸಿರಿಗೆ ಏರಿಳಿಯುತ್ತಿತ್ತು. ಅವರು ಎದ್ದು ಹೋಗಿಬಿಟ್ಟರೆ ಹುಡುಗಿ ಹಗ್ಗ ಬಿಚ್ಚುತ್ತಾಳೆ, ಅದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹಗ್ಗದ ಗಂಟಿನ ಮೇಲೆ ಕೈಯಿಟ್ಟೇ ನಿಂತಿದ್ದಳು ಅವಳು.

ಕೊನೆಗೆ ಬಾಯಿಬಿಟ್ಟವರು ಅಪ್ಪ. ಅದುವರೆಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಶಾಸ್ತ್ರದಲ್ಲಿ ಸಡಿಲ ಬಿಟ್ಟರೆ ಉಳಿದ ಪುರೋಹಿತರು ಏನೆನ್ನುತ್ತಾರೋ ಎಂಬ ಹೆದರಿಕೆ ಅವರದು. ಮೆಟ್ಟಿಲಿಳಿದು ಬಂದು, "ಯಜಮಾನರೇ, ಆ ಐದು ಘಾಟು ಈಗ ಎಲ್ಲಿವೆ, ನೀವೇ ಹೇಳಿ" ಎಂದರು. "ಎಲ್ಲ ಮುಳುಗಿ ಒಂದೇ ನೀರಾಗಿವೆ. ತಾಯಿ ತಾನೇ ಬಾಗಿಲಿಗೆ ಬಂದು ನಿಂತಿರುವಾಗ ನೀವು ಅವಳನ್ನು ಹುಡುಕಿಕೊಂಡು ಹೊರಟದ್ದು ಎಲ್ಲಿಗೆ?"

ಯಜಮಾನರು ನೀರನ್ನು ನೋಡಿದರು, ಅಪ್ಪನನ್ನು ನೋಡಿದರು. ಅವರ ಹೆಂಡತಿ, "ಸ್ವಾಮೇರು ಹೇಳೂದು ಖರೇ ಐತ್ರೀ. ನನಗಂತೂ ಕಣ್ಣಿಗಿ ಕತ್ತಲಿ ಬರಾಕತ್ತೈತಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅಷ್ಟಾಯಿತು. ನಮ್ಮ ಮನೆಯ ಮೆಟ್ಟಿಲ ಮೇಲೆಯೇ ಅಪ್ಪ ಒಂದೊಂದು ತೀರ್ಥದ ಹೆಸರು ಹೇಳುತ್ತ ಬಿಂದಿಗೆಯಲ್ಲಿ ಮೊಗೆದು ಮೊಗೆದು ತಲೆಗೆ ಹಾಕಿ ಯಾತ್ರೆ ಮುಗಿಸಿದರು. ಮನೆಬಾಗಿಲ ಪಂಚತೀರ್ಥ ಎಂದು ಬೇರೆ ಪುರೋಹಿತರು ಅವರನ್ನು ಸಾಯುವವರೆಗೂ ಆಡಿಕೊಂಡರು.

ಟೀಚರಮ್ಮನನ್ನು ಎಬ್ಬಿಸಲು ನಾನೇ ಹೋದೆ. ಬೆರಳುಗಳು ಹಲಗೆಗೆ ಕಚ್ಚಿಕೊಂಡುಬಿಟ್ಟಿದ್ದವು. ಒಂದೊಂದಾಗಿ ಬಿಡಿಸಬೇಕಾಯಿತು. ಅಜ್ಜಿ ಬೆಚ್ಚಗಿನ ಎಣ್ಣೆ ತಿಕ್ಕುತ್ತ, ಅವರಿಗೆ ತಿಳಿಯದ ಕನ್ನಡದಲ್ಲಿ, "ಹುಚ್ಚಿ, ಹುಚ್ಚಿ" ಎಂದು ಗದರುತ್ತಿದ್ದಳು. ಅಜ್ಜಿಯ ಕಣ್ಣಲ್ಲಿ ನೀರಿತ್ತು.

ದೋಣಿಯೇ ನಡೆಯದ ಮೇಲೆ ಭಾಡಾ ಎಲ್ಲಿಯದು ಎಂದರು ಯಜಮಾನರು. ಅಪ್ಪ ತಮ್ಮ ದಕ್ಷಿಣೆಯನ್ನೇ ಚಂದಾಳ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ. "ನಾನು ಹುಟ್ಟು ಹಾಕಿಲ್ಲ, ಪಂಡಿತ್ ಜೀ" ಅಂದಳು, ಅವಳ ಅಪ್ಪನದೇ ದನಿ.

ನೋಡಿ, ಆ ದಿನ ನದಿಯಲ್ಲಿ ಏನೂ ಆಗಲಿಲ್ಲ. ಇದನ್ನು ಹೇಳಲೇಬೇಕು. ಕತೆಯಾಗಿದ್ದರೆ ಬೇರೆ ಯಾವುದಾದರೂ ದೋಣಿ ಮಗುಚುತ್ತಿತ್ತು, ಟೀಚರಮ್ಮ ಮಾಡಿದ್ದು ಸರಿಯೆಂದು ಎಲ್ಲರೂ ಒಪ್ಪುತ್ತಿದ್ದರು. ಬದಲಿಗೆ, ನಮ್ಮ ಮನೆಯಿಂದ ಮೂರನೆಯ ಮನೆಯ ಯಾತ್ರಿಕರನ್ನು ಹೊತ್ತ, ಬೇರೆ ಘಾಟಿನವನ ಒಂದು ದೋಣಿ ಪೊಲೀಸರ ಕಣ್ಣು ತಪ್ಪಿಸಿ ಹೋಗಿತ್ತು. ಸಂಜೆಯ ಹೊತ್ತಿಗೆ ಅದು ಜೈಕಾರ ಹಾಕುತ್ತ ಸುಖವಾಗಿ ಹಿಂದಿರುಗಿತು. ಚಂದಾ ಅದನ್ನು ನೋಡಿ ಸೀದಾ ಮಹಡಿಗೆ ಹತ್ತಿ ಬಂದಳು.

"ಬಂದ್ರು ನೋಡಿ ಮ್ಯಾಡಮ್ ಜೀ. ಏನಾಯ್ತು ಅವರಿಗೆ?"

ಆಗದೇ ಹೋದದ್ದನ್ನು ಯಾರು ತಾನೇ ತೋರಿಸಬಲ್ಲರು? ಟೀಚರಮ್ಮ ಕೈ ಮುಂದೆ ಚಾಚಿದರು, ಅವಳು ಹಿಂದೆ ಸರಿದಳು. ಮೆಟ್ಟಿಲು ಇಳಿದು ಹೋದವಳು ಮತ್ತೆ ತರಗತಿಗೆ ಬರಲಿಲ್ಲ. ನೋಂದಣಿಯ ದಿನ ಕಳೆಯಿತು. ಟೀಚರಮ್ಮ ಸಂಸ್ಥೆಗೆ ಕಾಡಿ ಬೇಡಿ ಬರೆದರು. ಅಲ್ಲಿಂದ ಬಂದದ್ದು, ನಿಷೇಧವಿದ್ದಾಗ ದೋಣಿ ಹತ್ತಿದ್ದಕ್ಕೆ ಛೀಮಾರಿ. ಅಜ್ಜಿ ಒಂದು ದಿನ ಅಕ್ಕಿ ಆರಿಸುತ್ತ ತನ್ನಷ್ಟಕ್ಕೆ, "ಯಾರಾದರೂ ಮುಳುಗಿ ಸತ್ತಿದ್ದರೆ ಇವಳು ಗೆದ್ದ ಹಾಗೆ ಆಗ್ತಿತ್ತು. ಅಂಥಾ ಗೆಲುವು ಯಾವಳಿಗೆ ಬೇಕು" ಅಂದಳು.

ನೀರು ಇಳಿಯಿತು. ಮೆಟ್ಟಿಲ ಮೇಲೆ ಮೊಣಕಾಲುದ್ದ ಕೆಸರು ಬಿಟ್ಟು ಹೋಯಿತು. ಟೀಚರಮ್ಮ ದಿನವೂ ಮಧ್ಯಾಹ್ನ ಪೆನ್ಸಿಲು ಕೆತ್ತಿ ಆ ಹುಡುಗಿ ಕೂರುತ್ತಿದ್ದ ಜಾಗದಲ್ಲಿ ಇಡುತ್ತಿದ್ದರು. ವರ್ಷ ತುಂಬುವ ಮೊದಲೇ, ದೀಪಾವಳಿಗೆ ಮುಂಚೆ, ಹೊರಟುಬಿಟ್ಟರು. ಮಕ್ಕಳು ಅದೇ ಹಾಡು ಹಾಡಿದರು. ಹೊರಡುವಾಗ ಜಾಕೆಟ್ಟನ್ನು ನನ್ನ ಕೈಗೆ ಕೊಟ್ಟು, ಅವಳು ಕೇಳಿದರೆ ಕೊಡು ಎಂದರು. ನಾನು ಅದನ್ನು ಮಹಡಿ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಚಂದಾಗೆ ಹೇಳಿದೆ. ಅವಳು ಉಗುಳಿದ ಹಾಗೆ ನಕ್ಕಳು. "ಗಂಗೆಯಲ್ಲೇ ಹುಟ್ಟಿದವಳು ನಾನು, ದೀದಿ. ನನಗ್ಯಾಕೆ ಅದು?"

ಆ ವರ್ಷ ಅವಳು ಪರೀಕ್ಷೆಗೆ ಕೂರಲಿಲ್ಲ. ಮರುವರ್ಷ ಅವಳ ಅಪ್ಪ ಹೋದ. ಅದರ ಮರುವರ್ಷ ಮದುವೆ. ಊರ ದಕ್ಷಿಣದ ತಗ್ಗಿನ ಕೇರಿಗೆ ಸೊಸೆಯಾಗಿ ಹೋದಳು. ಹತ್ತನೆಯ ತರಗತಿ ಆಗಲೇ ಇಲ್ಲ.

ಹದಿನೇಳೋ ಹದಿನೆಂಟೋ ವರ್ಷ ಕಳೆದವು. ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಟೀಚರಮ್ಮ ಮೊದಲು ಪತ್ರ ಬರೆಯುತ್ತಿದ್ದರು, ಆಮೇಲೆ ಫೋನಿನಲ್ಲಿ ಹಬ್ಬಕ್ಕೊಂದು ಸಂದೇಶ. ಪ್ರತಿಸಲವೂ ಕೊನೆಯಲ್ಲಿ ಒಂದೇ ಪ್ರಶ್ನೆ, ಹುಡುಗಿ ಹೇಗಿದ್ದಾಳೆ. ಚೆನ್ನಾಗಿದ್ದಾಳೆ ಎಂದು ಬರೆಯುತ್ತಿದ್ದೆ. ಕಳೆದ ಮಾಘದಲ್ಲಿ ಅವರ ತಂಗಿಯ ಮಗಳು ಅವರ ಫೋನಿನಿಂದ ಬರೆದಳು. ಮಲಗಿದಲ್ಲೇ, ನೋವಿಲ್ಲದೆ ಹೋದರಂತೆ. ನೀರಿನಲ್ಲಲ್ಲ, ನೆಲದ ಮೇಲೆ ಹೋದರಲ್ಲ ಎಂಬುದೊಂದು ಸಮಾಧಾನ...

ನಿನ್ನೆ ಬೆಳಿಗ್ಗೆ ಚಂದಾ ಬಂದಳು. ತಲೆಯ ಮುಂಭಾಗ ನರೆತಿದೆ. ಚಪ್ಪಲಿ ಕೈಯಲ್ಲಿ, ಸೀರೆ ಮೊಣಕಾಲ ತನಕ ಒದ್ದೆ. ಅವರ ಕೇರಿಯ ಗಲ್ಲಿಗಳಲ್ಲಿ ನೀರು ನಿಂತು ದೋಣಿಗಳು ಓಡಾಡುತ್ತಿವೆ. ಅವಳ ಮಗಳು ಒಂಬತ್ತನೆಯ ತರಗತಿ. ಶಾಲೆ ಎತ್ತರದಲ್ಲಿದೆ, ಪರೀಕ್ಷೆ ನಡೆಯುತ್ತಿದೆ, ಹುಡುಗಿ ಒಂದು ದಿನವೂ ತಪ್ಪಿಸುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ದಿನವೂ ದೋಣಿಯಲ್ಲಿ ಹೋಗಿ ಬರಬೇಕು.

ಬಾಗಿಲಲ್ಲಿ ನಿಂತೇ ಕೇಳಿದಳು. "ದೀದಿ, ಆ ಕಿತ್ತಳೆಯದು ಇನ್ನೂ ಇದೆಯಾ?"

ನಾನು ಕಂಬಿಯ ಕಡೆ ಕೈ ತೋರಿಸಿ, "ಇಷ್ಟೆಲ್ಲ ಹೊಸವು ಇವೆಯಲ್ಲೇ, ಗೋದೌಲಿಯಾ ಪೇಟೆಯಲ್ಲೂ ಸಿಗುತ್ತವೆ" ಎಂದೆ.

"ಇವೆಲ್ಲ ಪೊಲೀಸರಿಗೆ ಹೆದರಿ ತಂದಿದ್ದು" ಎಂದಳು. "ಅದು ನೀರಿಗೆ ಹೆದರಿ ತಂದಿದ್ದು."

ಮಹಡಿಗೆ ಹೋಗಿ ತೆಗೆದೆವು. ಬಣ್ಣ ಮಾಸಿತ್ತು, ಒಂದು ಬೆಲ್ಟನ್ನು ಇಲಿ ಕಚ್ಚಿತ್ತು. ಬಚ್ಚಲಿಗೆ ಒಯ್ದು ತೊಟ್ಟಿಯ ನೀರಿನಲ್ಲಿ ಚಂದಾ ಅದನ್ನು ಎರಡೂ ಕೈಯಿಂದ ಅದುಮಿ ತಳಕ್ಕೆ ಮುಟ್ಟಿಸಿ ಹಿಡಿದಳು. ಕೈ ಬಿಟ್ಟಳು. ಅದು ಥಟ್ಟನೆ ಮೇಲೆ ಬಂತು. ಮತ್ತೆ ಅದುಮಿದಳು, ಮತ್ತೆ ಬಂತು. ಮತ್ತೆ ಮತ್ತೆ ಅದುಮುತ್ತಲೇ ಇದ್ದಳು, ನಂಬಿಕೆ ಬಾರದವಳ ಹಾಗೆ.

"ನನಗೆ ಹೆದರಿಕೆಯಾಗುತ್ತೆ ದೀದಿ" ಎಂದಳು ಆಮೇಲೆ, ತೊಟ್ಟಿಯ ಅಂಚು ಹಿಡಿದುಕೊಂಡು. ಹುಟ್ಟು ಹಿಡಿದೇ ದೊಡ್ಡವಳಾದ ಹುಡುಗಿ. "ಮಗಳು ಮನೆಗೆ ಬರೋ ತನಕ ನನ್ನ ಕೈ ಬಿಚ್ಚೋದೇ ಇಲ್ಲ." ಜಾಕೆಟ್ಟನ್ನು ತೊಟ್ಟಿಯಿಂದ ಮೇಲೆತ್ತುತ್ತ ಕೇಳಿದಳು. "ಮ್ಯಾಡಮ್ ಜೀ ಹೇಗಿದ್ದಾರೆ?"

ಹೇಳಿದೆ. ಅವಳು ಅಳಲಿಲ್ಲ. ಜಾಕೆಟ್ಟಿನಿಂದ ನೀರು ಸೋರುವುದನ್ನೇ ನೋಡುತ್ತಿದ್ದಳು. "ನನ್ನ ಬಗ್ಗೆ ಕೇಳ್ತಿದ್ರಾ?"

"ಪ್ರತಿಸಲ" ಎಂದೆ.

ಒದ್ದೆಯಾದದ್ದನ್ನೇ ಎದೆಗವಚಿಕೊಂಡು ಮೆಟ್ಟಿಲಿಳಿದು ಹೋದಳು.

ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ಅಜ್ಜಿಯ ಅರಿಸಿನ ಕುಂಕುಮದ ಬಟ್ಟಲು ಹಿಡಿದು ನೀರಿನ ಅಂಚಿಗೆ ಇಳಿದೆ. ನಿನ್ನೆಯ ಬೊಟ್ಟು ಕಾಣಲಿಲ್ಲ. ಅದರ ಮೇಲಿನ ಮೆಟ್ಟಿಲಿಗೆ ಬೊಟ್ಟಿಟ್ಟು ಕೈಮುಗಿದೆ. ಇಲ್ಲಿಗೇ ನಿಲ್ಲು ತಾಯಿ ಎಂದು ಅಜ್ಜಿಯ ಹಾಗೆ ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಬೇರೆ. ಎರಡೂ ಕೈ ಅಡ್ಡ ಹಿಡಿದು, ಆ ಕಂದು ನೀರಿಗೆ, ಬೇಡ, ಬೇಡ, ಎನ್ನುತ್ತಿದ್ದೆ.

ಹುಡುಗಿ ಶಾಲೆಯಿಂದ ಹಿಂದಿರುಗುವುದು ಸಂಜೆಗೆ. ಬಾಗಿಲ ಹಿಂದೆ ಮೊಳೆ ಖಾಲಿಯಿದೆ. ಗೋಡೆಯ ಮೇಲೆ ಜಾಕೆಟ್ಟಿನ ಆಕಾರದ ಒಂದು ಬಿಳಿ ಗುರುತು ಉಳಿದಿದೆ, ಎತ್ತರದವರೊಬ್ಬರು ಬೆನ್ನು ತಿರುಗಿಸಿ ನಿಂತ ಹಾಗೆ...